ಮೈಸೂರಲ್ಲಿ ಬಾಡಿಗೆ ಮನೆ: ಬಾಡಿಗೆ, ಅಡ್ವಾನ್ಸ್ ಎಲ್ಲ ಒಪ್ಪಿದ ಮೇಲೆ ಜಾತಿ ಕೇಳುತ್ತಾರೆ, ಏನು ಮಾಡುವುದು?

ನಂಜನಗೂಡು ಕಡೆಯವಳು:

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಂಕ್ ಉದ್ಯೋಗಿ. ಈ ವರ್ಷ ಮೈಸೂರಿಗೆ ವರ್ಗವಾಯಿತು. ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಕುವೆಂಪುನಗರ, ಸರಸ್ವತಿಪುರಂ, ಟಿ.ಕೆ. ಲೇಔಟ್ ಕಡೆ ಎರಡು ರೂಮಿನ ಮನೆ ಹುಡುಕುತ್ತಿದ್ದೇವೆ. ಬಾಡಿಗೆ, ಅಡ್ವಾನ್ಸ್ ಯಾವುದಕ್ಕೂ ನಮ್ಮ ತಕರಾರಿಲ್ಲ. ಆದರೂ ಮನೆ ಸಿಗುತ್ತಿಲ್ಲ. ನಾವು ಪರಿಶಿಷ್ಟ ಜಾತಿಯವರು. ಇಲ್ಲಿ ಯಾರೂ ಸುತ್ತಿ ಬಳಸಿ ಕೇಳುವುದು ಬೇಡ ಅಂತ ಮೊದಲೇ ಹೇಳಿದ್ದೇನೆ.

ಮೈಸೂರಿನ ಜನ ಮುಖಕ್ಕೆ ಹೊಡೆದ ಹಾಗೆ ಮಾತಾಡುವುದಿಲ್ಲ. ಒಳಗೆ ಕರೆದು ಕೂರಿಸುತ್ತಾರೆ. ಕಾಫಿ ಕೊಡುತ್ತಾರೆ. ಅಮ್ಮನ ಮಂಡಿನೋವು ವಿಚಾರಿಸುತ್ತಾರೆ. ಬ್ಯಾಂಕ್ ಕೆಲಸ ಅಂದರೆ ಖುಷಿಪಡುತ್ತಾರೆ. ಆಮೇಲೆ ಶುರುವಾಗುತ್ತದೆ. ‘ಊರು ಯಾವುದಮ್ಮ?’ ‘ಊರಲ್ಲಿ ಯಾವ ಬೀದಿ?’ ‘ತಂದೆ ಹೆಸರು?’ ‘ಮನೆದೇವರು?’ ನಮ್ಮ ಮನೆದೇವರು ಮಾದಪ್ಪ. ಮಾದಪ್ಪನಿಗೆ ಲಿಂಗಾಯತರು, ಕುರುಬರು, ಸೋಲಿಗರು, ನಾವು ಎಲ್ಲರೂ ಒಕ್ಕಲು. ಹಾಗಾಗಿ ಅದರಿಂದ ಅವರಿಗೆ ಏನೂ ಗೊತ್ತಾಗುವುದಿಲ್ಲ. ಕೊನೆಗೆ ಕೇಳಿಯೇ ಬಿಡುತ್ತಾರೆ. ‘ತಪ್ಪು ತಿಳ್ಕೋಬೇಡಿ, ನೀವು ಏನು ಜನ?’

ಹೇಳಿದ ಮೇಲೆ ಇಲ್ಲಿಯವರೆಗೆ ಯಾರೂ ಬೈದಿಲ್ಲ. ‘ನಮ್ಮ ಯಜಮಾನರನ್ನ ಒಂದು ಮಾತು ಕೇಳಿ ಫೋನ್ ಮಾಡ್ತೀವಿ’ ಅನ್ನುತ್ತಾರೆ. ಫೋನ್ ಬರುವುದಿಲ್ಲ. ಒಂದು ಮನೆಯವರು ಮಗ ಅಮೆರಿಕದಿಂದ ವಾಪಸ್ ಬರುತ್ತಿದ್ದಾನೆ, ಮನೆ ಅವನಿಗೇ ಬೇಕು ಅಂದರು. ಆ ಗೇಟಿನಲ್ಲಿ ಟು-ಲೆಟ್ ಬೋರ್ಡ್ ಇನ್ನೂ ನೇತಾಡುತ್ತಿದೆ.

‘ಬೇರೆ ಏನಾದರೂ ಹೇಳಿ ಸೇರಿಕೊಳ್ಳೋಣ’ ಅನ್ನುತ್ತಾರೆ ಅಮ್ಮ. ಹಾಗೆ ಸೇರಿಕೊಂಡ ಗೆಳತಿಯ ಪಾಡು ನಾನು ನೋಡಿದ್ದೇನೆ. ಅಂಬೇಡ್ಕರ್ ಫೋಟೋ ಬೀರುವಿನ ಒಳಗೆ. ಊರಿಂದ ನೆಂಟರು ಬಂದರೆ ‘ಮೆಲ್ಲಗೆ ಮಾತಾಡಿ’ ಅಂತ ಹೇಳಬೇಕು. ಮಗಳಿಗೆ ಶಾಲೆಯಿಂದ ಸ್ಕಾಲರ್‌ಶಿಪ್ ಕಾಗದ ಬಂದರೆ ಓನರ್ ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳಬೇಕು. ಬಾಡಿಗೆ ಕೊಟ್ಟು ಅಷ್ಟು ಹೆದರಿ ಬದುಕಲು ನಾನು ತಯಾರಿಲ್ಲ.

ಎರಡು ಪ್ರಶ್ನೆ. ಇದಕ್ಕೆ ಕಾನೂನಿನಲ್ಲಿ ಏನಾದರೂ ಇದೆಯಾ? ನಿಮಗೆ ಹೀಗಾದಾಗ ನೀವು ಏನು ಮಾಡಿದಿರಿ?

ಗೋಕುಲಂ ಮೂರನೇ ಹಂತ:

ಬ್ರೋಕರ್‌ಗಳು ಫೋನಿನಲ್ಲೇ ಕೇಳುತ್ತಾರೆ ಮೇಡಂ. ‘ಓನರ್ ಕೇಳ್ತಾರೆ, ನಂದೇನಿಲ್ಲ’ ಅಂತ ಸೇರಿಸುತ್ತಾರೆ. ಓನರ್ ಹತ್ತಿರ ಹೋದರೆ ‘ನಮಗೇನಿಲ್ಲ, ಅಕ್ಕಪಕ್ಕದವರು ಒಪ್ಪಲ್ಲ’ ಅನ್ನುತ್ತಾರೆ. ಅಕ್ಕಪಕ್ಕದವರನ್ನು ಕೇಳಿದರೆ ಅವರಿಗೂ ಏನೂ ಇರುವುದಿಲ್ಲ. ಎಲ್ಲರೂ ಒಳ್ಳೆಯವರೇ. ಮನೆ ಮಾತ್ರ ಸಿಗುವುದಿಲ್ಲ.

ಉದಯಗಿರಿ:

ನಮಗೆ ಇಷ್ಟು ಹೊತ್ತು ಹಿಡಿಯುವುದಿಲ್ಲ. ಹೆಸರು ಹೇಳಿದ ಕೂಡಲೇ ಮುಗಿಯಿತು.

ವಿವೇಕಾನಂದನಗರ ಮನೆ ಮಾಲೀಕ:

ಮೇಡಂ, ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಇನ್ನೊಂದು ಕಡೆಯನ್ನೂ ನೋಡಿ. ನಾವು ಕೆಳಗೆ ಇರುತ್ತೇವೆ, ಮೇಲಿನ ಮನೆ ಬಾಡಿಗೆಗೆ ಕೊಡುತ್ತೇವೆ. ನಮ್ಮ ತಾಯಿಗೆ 80 ದಾಟಿದೆ. ಮಾಂಸ ಬೇಯಿಸುವ ವಾಸನೆ ಅವರಿಗೆ ಆಗುವುದೇ ಇಲ್ಲ. ಅದಕ್ಕೆ ಸಸ್ಯಾಹಾರಿಗಳಿಗೆ ಮಾತ್ರ ಅಂತ ಬೋರ್ಡ್ ಹಾಕಿದ್ದೇವೆ. ಇದು ಊಟದ ವಿಷಯ, ಜಾತಿಯ ವಿಷಯ ಅಲ್ಲ. ಎಲ್ಲವನ್ನೂ ಜಾತಿಗೆ ತಂದು ನಿಲ್ಲಿಸಬಾರದು.

ಅಶೋಕಪುರಂ ಹುಡುಗಿ:

ಸಾರ್, ಊಟದ ವಿಷಯವೇ ಆಗಿದ್ದರೆ ಪ್ರಶ್ನೆಯೂ ಊಟದ ಬಗ್ಗೆಯೇ ಇರಬೇಕಿತ್ತು. ‘ಮನೆಯಲ್ಲಿ ಮಾಂಸ ಬೇಯಿಸಬಾರದು’ ಅಂತ ಕರಾರಿನಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ನಾವು ಒಪ್ಪಿದರೆ ಬರುತ್ತೇವೆ, ಇಲ್ಲದಿದ್ದರೆ ಬೇರೆ ಮನೆ ನೋಡುತ್ತೇವೆ. ಅಪ್ಪನ ಹೆಸರು, ಊರಿನ ಬೀದಿ ಯಾಕೆ ಬೇಕು?

ನಾನೂ ನನ್ನ ಜೊತೆ ಕೆಲಸ ಮಾಡುವ ಒಬ್ಬಳೂ ಒಂದೇ ಮನೆಯನ್ನು ಬೇರೆ ಬೇರೆಯಾಗಿ ನೋಡಿದ್ದೆವು. ಅವಳು ಗೌಡರ ಹುಡುಗಿ. ‘ಮನೇಲಿ ಮಾಡಲ್ಲ ಆಂಟಿ, ತಿಂದರೆ ಹೊರಗೆ ತಿಂತೀವಿ’ ಅಂದಳು. ‘ಅಷ್ಟು ಸಾಕು ಬಿಡಮ್ಮ’ ಅಂದರಂತೆ. ನಾನೂ ಅದೇ ಮಾತು ಹೇಳಿದ್ದೆ. ನನಗೆ ‘ಮನೆ ಕೊಟ್ಟಾಯಿತು’ ಅಂದಿದ್ದರು. ಅವಳು ನೋಡಲು ಹೋದದ್ದು ಅದಾದ ಮೇಲೆ.

ಇನ್ನೊಂದು ವಿಷಯ. ನಮ್ಮನ್ನು ಬೇಡ ಅಂದವರೆಲ್ಲ ಪುಳಿಚಾರು ತಿನ್ನುವವರಲ್ಲ. ಭಾನುವಾರ ಬೆಳಗ್ಗೆ ಮಟನ್ ಅಂಗಡಿ ಮುಂದೆ ನಮ್ಮ ಜೊತೆಯೇ ಕ್ಯೂ ನಿಲ್ಲುವವರೂ ಇದ್ದಾರೆ. ಅವರ ಮನೆಯಲ್ಲಿ ಯಾವ ವಾಸನೆ ತೊಂದರೆ ಕೊಡುತ್ತದೆ, ಹೇಳಿ?

ಹಳೇ ಮೈಸೂರಿಗ:

ಇದೆಲ್ಲ ಹಳ್ಳಿ ಕಡೆ ಇರಬಹುದು. ಮೈಸೂರು ಓದಿದವರ ಊರು. ಇಲ್ಲಿ ಅಂಥ ಜಾತಿಭೇದ ನಾನಂತೂ ಕಂಡಿಲ್ಲ. ಒಂದೆರಡು ಮನೆ ಸಿಗಲಿಲ್ಲ ಅಂತ ಇಡೀ ಊರಿನ ಮೇಲೆ ಹೇಳುವುದು ಸರಿಯಲ್ಲ. ಮೀಸಲಾತಿ, ಸೌಲಭ್ಯ ಎಲ್ಲ ಇದೆಯಲ್ಲ.

ನಿವೃತ್ತ ಮೇಷ್ಟ್ರು, ಚಾಮುಂಡಿಪುರಂ:

ಹಳೇ ಮೈಸೂರಿಗರೇ, ನಿಮ್ಮ ಹೆಸರೇ ಹಾಗಿದೆ, ಆದ್ದರಿಂದ ಹಳೆಯ ಮೈಸೂರಿನ ಬಗ್ಗೆ ಸ್ವಲ್ಪ ಹೇಳುತ್ತೇನೆ. ಈ ಊರಿನ ಹಳೇ ಬೀದಿಗಳ ಹೆಸರು ನೋಡಿ. ಅಗ್ರಹಾರ, ಒಕ್ಕಲಗೇರಿ, ಕುಂಬಾರಗೇರಿ, ಸುಣ್ಣದಕೇರಿ. ಈಗಿನ ಅಶೋಕಪುರಂ ಮೊದಲು ಆದಿಕರ್ನಾಟಕಪುರ. ಯಾರು ಎಲ್ಲಿ ಇರಬೇಕು ಅನ್ನುವುದು ನಕ್ಷೆಯಲ್ಲೇ ಬರೆದಿತ್ತು. ಆಮೇಲೆ ಬಡಾವಣೆಗಳು ಬಂದವು, ಸೈಟ್ ಹಂಚಿಕೆಯಲ್ಲಿ ಪರಿಶಿಷ್ಟರಿಗೂ ಪಾಲು ಸಿಕ್ಕಿತು, ಜನ ಬೆರೆತರು. ಆದರೆ ಸ್ವಂತ ಮನೆ ಕಟ್ಟಿಕೊಂಡವರ ಮಾತು ಅದು. ಬಾಡಿಗೆಗೆ ಬರುವವರ ಪಾಡು ಇನ್ನೂ ಓನರ್ ಕೈಯಲ್ಲಿದೆ.

ಓದಿದವರ ಊರು ಅಂದಿರಿ. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಇದೇ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಮಲ ಹೊರುವ ಪದ್ಧತಿ ನಿಲ್ಲಿಸಲು ಆದೇಶ ಮಾಡಿಸಿದ ಮನುಷ್ಯ ಅವರು. ನಾನು ಆಗ ವಿದ್ಯಾರ್ಥಿ. ಸಾಹಿತ್ಯದ ಬಗ್ಗೆ ಆಡಿದ ಮಾತಿಗೆ ಸಾಹಿತ್ಯದಿಂದಲೇ ಉತ್ತರ ಕೊಡಬಹುದಿತ್ತು. ಆದದ್ದು ಏನು? ದಲಿತ ವಿದ್ಯಾರ್ಥಿಗಳ ಮೇಲೆ, ಹಾಸ್ಟೆಲ್‌ಗಳ ಮೇಲೆ ಹಲ್ಲೆ. ಅವರು ಸಚಿವ ಸ್ಥಾನವನ್ನೇ ಬಿಡಬೇಕಾಯಿತು. ಕಲ್ಲು ಹೊಡೆದವರು ಅನಕ್ಷರಸ್ಥರಲ್ಲ. ಕಾಲೇಜು ಹುಡುಗರು. ದಲಿತ ಸಂಘರ್ಷ ಸಮಿತಿ ಹುಟ್ಟಿಕೊಂಡದ್ದು ಆ ಗಾಯದಿಂದಲೇ.

ಇನ್ನು ಮೀಸಲಾತಿ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿ ಮಾಡಿದರು. 1919ರಲ್ಲಿ ವರದಿ ಬಂತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು ಅಂತ ಅದು ಹೇಳಿತು. ಅದರಿಂದ ಹೆಚ್ಚು ಅನುಕೂಲ ಆದದ್ದು ಜಮೀನು ಇದ್ದ ದೊಡ್ಡ ಸಮುದಾಯಗಳಿಗೆ. ಇವತ್ತೂ 3ಎ, 3ಬಿ ಅಂತ ಅವರಿಗೆ ಮೀಸಲಾತಿ ಇದೆ. 2019ರಿಂದ ಯಾವ ಮೀಸಲಾತಿಯೂ ಇಲ್ಲದವರಲ್ಲಿ ಆರ್ಥಿಕವಾಗಿ ಹಿಂದುಳಿದವರಿಗೆ ಶೇ. 10 ಇದೆ. ಆದರೂ ಮೀಸಲಾತಿ ಅಂದ ಕೂಡಲೇ ನಿಮ್ಮ ಬೆರಳು ಈ ಹೆಣ್ಣುಮಗಳ ಕಡೆಗೇ ಹೋಯಿತು. ಅವರು ಕೇಳುತ್ತಿರುವುದು ಸೌಲಭ್ಯ ಅಲ್ಲ ಸ್ವಾಮಿ. ಪೂರ್ತಿ ಬಾಡಿಗೆ ಕೊಟ್ಟು ಇರಲು ಒಂದು ಮನೆ.

ಹಳೇ ಮೈಸೂರಿಗ:

50 ವರ್ಷ ಹಿಂದಿನ ಕಥೆ ಹೇಳಿ ಏನು ಪ್ರಯೋಜನ ಮೇಷ್ಟ್ರೇ? ಈಗಿನದು ಹೇಳಿ.

ಮದ್ದೂರಿನವನು:

ಈಗಿನದು ನಾನು ಹೇಳುತ್ತೇನೆ ಅಣ್ಣ. 2024ರ ನವೆಂಬರಿನಲ್ಲಿ ಮಂಡ್ಯ ತಾಲ್ಲೂಕು ಹನಕೆರೆಯ ಕಾಲಭೈರವೇಶ್ವರ ದೇವಸ್ಥಾನಕ್ಕೆ ದಲಿತರು ಪೊಲೀಸರ ರಕ್ಷಣೆಯಲ್ಲಿ ಹೋದರು. ಊರಿನ ಕೆಲವರು ಉತ್ಸವಮೂರ್ತಿಯನ್ನೇ ಹೊತ್ತು ಹೊರಗೆ ತಂದುಬಿಟ್ಟರು. 2022ರ ನವೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕು ಹೆಗ್ಗೋಠಾರದಲ್ಲಿ ಮದುವೆಗೆ ಬಂದಿದ್ದ ದಲಿತ ಹೆಂಗಸು ತೊಂಬೆ ನಲ್ಲಿಯಲ್ಲಿ ನೀರು ಕುಡಿದರು ಅಂತ, ಇಡೀ ತೊಂಬೆ ಖಾಲಿ ಮಾಡಿ ಗೋಮೂತ್ರ ಹಾಕಿ ತೊಳೆದರು. ಎಲ್ಲ ಪೇಪರಿನಲ್ಲಿ ಬಂದದ್ದೇ.

ನಾನು ಒಕ್ಕಲಿಗ. ನಮ್ಮ ಮನೆಯ ಗದ್ದೆ ನಾಟಿಗೆ, ಕಬ್ಬು ಕಡಿಯಲು ಬರುವವರು ಕಾಲೋನಿ ಹೆಂಗಸರು, ಗಂಡಸರು. ನಾನು ಚಿಕ್ಕವನಿದ್ದಾಗ ಅವರ ಲೋಟ ಕೊಟ್ಟಿಗೆ ಗೋಡೆಯ ಗೂಡಿನಲ್ಲಿ ಇರುತ್ತಿತ್ತು. ಈಗ ಗೂಡಿನಲ್ಲಿ ಲೋಟ ಇಲ್ಲ. ಅವರಿಗೆ ಪೇಪರ್ ಲೋಟದಲ್ಲಿ ಟೀ, ನಮಗೆ ಸ್ಟೀಲ್ ಲೋಟದಲ್ಲಿ. ನಾನು ಕೇಳಿದರೆ ‘ತೊಳೆಯೋ ಕೆಲಸ ತಪ್ಪುತ್ತೆ ಅಂತ ಕಣೋ’ ಅನ್ನುತ್ತಾರೆ. ಬೇರೆಯವರು ಬಂದಾಗ ಆ ತೊಳೆಯುವ ಕಷ್ಟ ಯಾರಿಗೂ ನೆನಪಾಗುವುದಿಲ್ಲ. ಊರಲ್ಲಿ ಇದು ಗೊತ್ತಿದ್ದು ನಡೆಯುತ್ತದೆ. ಮೈಸೂರಿಗೆ ಬಂದ ಮೇಲೆ ಅದೇ ಜನ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸದವರಿಗೆ ಬೇರೆ ತಟ್ಟೆ ಇಡುತ್ತಾರೆ, ಅದನ್ನು ಹೈಜೀನ್ ಅನ್ನುತ್ತಾರೆ.

ಮದುವೆ ವಿಷಯ ಬಂದರೆ ಇನ್ನೂ ಜೋರು. ಕೆಳಗಿನ ಜಾತಿ ಹುಡುಗ ಅಂತ ಸ್ವಂತ ಮಗಳನ್ನೇ ಕೊಂದ ಸುದ್ದಿ ನಮ್ಮ ಜಿಲ್ಲೆಯಿಂದಲೂ ಬಂದಿದೆ. ಅಷ್ಟು ಪ್ರೀತಿಯಿಂದ ಸಾಕಿದ ಕೈ ಅದು. ನನಗೆ ಇವತ್ತಿಗೂ ಅರಗುವುದಿಲ್ಲ.

ಬೋಗಾದಿ ರಿಂಗ್ ರೋಡ್:

ಮ್ಯಾಟ್ರಿಮೊನಿ ಜಾಹೀರಾತು ನೋಡಿ. ‘ಜಾತಿ ನಿರ್ಬಂಧವಿಲ್ಲ’ ಅಂತ ಬರೆದು ಪಕ್ಕದಲ್ಲೇ ‘ಎಸ್‌ಸಿ, ಎಸ್‌ಟಿ ಹೊರತುಪಡಿಸಿ’ ಅಂತ ಇರುತ್ತದೆ. ಅದನ್ನು ಬರೆದವರು ತಾವು ವಿಶಾಲ ಮನಸ್ಸಿನವರು ಅಂತಲೇ ನಂಬಿರುತ್ತಾರೆ.

ಅಂಕಿ ಬೇಕಾದವರಿಗೆ ಒಂದು. 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಮನೆಯಲ್ಲಿ ಯಾರಾದರೂ ಅಸ್ಪೃಶ್ಯತೆ ಆಚರಿಸುತ್ತಾರಾ ಅಂತ ನೇರವಾಗಿ ಕೇಳಿದ್ದರು. ದೇಶದ ಶೇ. 27 ಮನೆಗಳು ಒಪ್ಪಿಕೊಂಡವು. ನಗರದ ಮನೆಗಳಲ್ಲೂ ಹೆಚ್ಚುಕಡಿಮೆ ಐದಕ್ಕೆ ಒಂದು. ಬಾಯಿಬಿಟ್ಟು ಹೇಳಿದವರೇ ಇಷ್ಟು ಜನ, ಹೇಳದವರ ಲೆಕ್ಕ ಯಾರಿಗೆ ಗೊತ್ತು? ದೆಹಲಿ ಸುತ್ತಮುತ್ತ ಸಂಶೋಧಕರು ಬಾಡಿಗೆ ಮನೆ ಪರೀಕ್ಷೆಯನ್ನೇ ಮಾಡಿದ್ದಾರೆ. ಒಂದೇ ರೀತಿಯ ಕೆಲಸ ಹೇಳಿಕೊಂಡು, ಜಾತಿ ಧರ್ಮ ಗೊತ್ತಾಗುವ ಹೆಸರು ಮಾತ್ರ ಬೇರೆ ಇಟ್ಟುಕೊಂಡು ಓನರ್‌ಗಳಿಗೆ ಫೋನ್ ಮಾಡಿದರು. ಮೇಲ್ಜಾತಿ ಹೆಸರಿನವರಿಗೆ ಸುಲಭವಾಗಿ ಹೂಂ ಅಂದರು. ದಲಿತರಿಗೆ ಕಡಿಮೆ, ಮುಸ್ಲಿಮರಿಗೆ ಇನ್ನೂ ಕಡಿಮೆ. ಸುಮ್ನೆ ಊಹೆ ಅಲ್ಲ ಇದು.

ವಕೀಲೆ, ಮೈಸೂರು:

ಕಾನೂನಿನ ಬಗ್ಗೆ ಕೇಳಿದ್ದೀರಿ. ಸ್ವಲ್ಪ ಉದ್ದವಾಗುತ್ತದೆ, ಪೂರ್ತಿ ಓದಿ.

ಅಟ್ರಾಸಿಟಿ ಕಾಯ್ದೆ ಅಂತ ಎಲ್ಲರಿಗೂ ಗೊತ್ತಿರುವುದು 1989ರದ್ದು. ಜಾತಿ ಹೆಸರು ಹಿಡಿದು ಬೈದರೆ, ಬೇಕೆಂದೇ ಅವಮಾನ ಮಾಡಿದರೆ ಅದರ ಸೆಕ್ಷನ್ 3 ಬರುತ್ತದೆ. ಆದರೆ ಅದು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಆಗಿರಬೇಕು. ನಾಲ್ಕು ಗೋಡೆಯೊಳಗೆ, ಹೊರಗಿನ ಸಾಕ್ಷಿ ಇಲ್ಲದೆ ಆಡಿದ ಮಾತಿಗೆ ಈ ಕಲಂ ಅನ್ವಯಿಸುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ನಿಮ್ಮ ವಿಷಯದಲ್ಲಿ ಕಾಫಿ ಕೊಟ್ಟು, ಮೆಲ್ಲಗೆ ಮಾತಾಡಿ ಕಳಿಸಿದ್ದಾರೆ. ಬೈಗುಳವೇ ಇಲ್ಲ. ಹಾಗಾಗಿ ಆ ದಾರಿ ಕಷ್ಟ.

ಜನ ಮರೆತಿರುವುದು ಇನ್ನೊಂದು ಕಾಯ್ದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ. 1976ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರಾಯಿತು. ಅದರ ಸೆಕ್ಷನ್ 4ರಲ್ಲಿ ಅಂಗಡಿ, ಹೋಟೆಲು, ಬಾವಿ, ರಸ್ತೆ ಇವುಗಳ ಜೊತೆಗೆ ಒಂದು ಸಾಲು ಇದೆ. ಯಾವುದೇ ಪ್ರದೇಶದಲ್ಲಿ ವಾಸದ ಮನೆ ಕಟ್ಟುವುದು, ಪಡೆಯುವುದು, ಅದರಲ್ಲಿ ವಾಸಿಸುವುದು, ಇದಕ್ಕೆ ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡಿದರೆ ಅಪರಾಧ. ಒಂದು ತಿಂಗಳಿಂದ ಆರು ತಿಂಗಳವರೆಗೆ ಜೈಲು, 100ರಿಂದ 500 ರೂಪಾಯಿ ದಂಡ. ದಂಡದ ಮೊತ್ತ ನೋಡಿದರೇ ಎಷ್ಟು ಹಳೆಯ ಕಾಯ್ದೆ ಅಂತ ಗೊತ್ತಾಗುತ್ತದೆ. ಆದರೆ ಅದರ ಸೆಕ್ಷನ್ 12 ತುಂಬ ಮುಖ್ಯ. ಈ ಕಾಯ್ದೆಯಲ್ಲಿ ಹೇಳಿದ ಕೃತ್ಯ ಪರಿಶಿಷ್ಟ ಜಾತಿಯವರ ವಿರುದ್ಧ ನಡೆದಿದ್ದರೆ, ಅದು ಅಸ್ಪೃಶ್ಯತೆಯಿಂದಲೇ ಆದದ್ದು ಅಂತ ಕೋರ್ಟು ಭಾವಿಸಬೇಕು. ಅಲ್ಲ ಅಂತ ಸಾಬೀತು ಮಾಡುವ ಹೊಣೆ ಎದುರಿನವರದು.

ಹಾಗಾದರೆ ಕೇಸುಗಳು ಯಾಕಿಲ್ಲ? ‘ಮಗ ಬರ್ತಿದ್ದಾನೆ’ ಅನ್ನುವ ಮಾತಿಗೆ ಸಾಕ್ಷಿ ಎಲ್ಲಿಂದ ತರುತ್ತೀರಿ? ಮನೆ ಬೇಕಾಗಿರುವವರಿಗೆ ಕೋರ್ಟು ಅಲೆಯಲು ಟೈಮ್ ಎಲ್ಲಿದೆ? ಅದಕ್ಕೇ ನನ್ನ ಕಕ್ಷಿದಾರರಿಗೆ ಹೇಳುವುದು, ಬ್ರೋಕರ್ ಜೊತೆ ಫೋನಿಗಿಂತ ವಾಟ್ಸಾಪ್ ಮೆಸೇಜಿನಲ್ಲಿ ಮಾತಾಡಿ. ಜಾತಿ ಕೇಳಿದರೆ ಬರವಣಿಗೆಯಲ್ಲಿ ಇರಲಿ. ‘ಮನೆ ಖಾಲಿ ಇದೆ’ ಅಂದ ಮೆಸೇಜು, ‘ಕೊಟ್ಟಾಯಿತು’ ಅಂದ ಮೆಸೇಜು, ಆಮೇಲೂ ಬಂದ ಜಾಹೀರಾತು, ಮೂರನ್ನೂ ದಿನಾಂಕ ಕಾಣುವ ಹಾಗೆ ಉಳಿಸಿಕೊಳ್ಳಿ. ದೂರು ಕೊಡಲು ಪೊಲೀಸ್ ಠಾಣೆ ಇದೆ, ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಇದೆ. ಅಟ್ರಾಸಿಟಿ ಸಹಾಯವಾಣಿ 14566 ಇದೆ, ಅದಕ್ಕೆ ದುಡ್ಡು ಬೀಳುವುದಿಲ್ಲ.

ಉದಯಗಿರಿಯವರು ಕೇಳಬಹುದು, ಆದ್ದರಿಂದ ಹೇಳುತ್ತೇನೆ. ಈ ಎರಡೂ ಕಾಯ್ದೆ ನಿಮ್ಮ ನೆರವಿಗೆ ಬರುವುದಿಲ್ಲ. ಧರ್ಮ ನೋಡಿ ಬಾಡಿಗೆ ಮನೆ ನಿರಾಕರಿಸುವ ಖಾಸಗಿ ಮಾಲೀಕನನ್ನು ಹಿಡಿಯುವ ನೇರ ಕಾನೂನು ನಮ್ಮಲ್ಲಿ ಇಲ್ಲ. ಇರಬೇಕು.

ವಿವೇಕಾನಂದನಗರ ಮನೆ ಮಾಲೀಕ:

ಅಂದರೆ ನನ್ನ ಸ್ವಂತ ದುಡ್ಡಲ್ಲಿ ಕಟ್ಟಿದ ಮನೆಗೆ ಯಾರನ್ನು ಸೇರಿಸಬೇಕು ಅಂತಲೂ ಸರ್ಕಾರ ಹೇಳುತ್ತದಾ? ನಾಳೆ ನನ್ನ ಅಡುಗೆಮನೆಗೂ ಬರುತ್ತಾರೆ. ಯಾರನ್ನೂ ಅವಮಾನ ಮಾಡುವ ಉದ್ದೇಶ ನನಗಿಲ್ಲ. ಹೊಂದಿಕೊಂಡು ಹೋಗುವವರು ಬೇಕು ಅಷ್ಟೇ.

ವಕೀಲೆ, ಮೈಸೂರು:

ಅಡುಗೆಮನೆಗೆ ಯಾರೂ ಬರುವುದಿಲ್ಲ ಸಾರ್. ನೀವು ಬೋರ್ಡ್ ಹಾಕಿ, ಬಾಡಿಗೆ ತಗೊಂಡು ಕೊಡುವ ಮನೆ ಅದು. ಬಾಡಿಗೆ ಕಟ್ಟದವರನ್ನು, ಗಲಾಟೆ ಮಾಡುವವರನ್ನು ಬೇಡ ಅನ್ನುವ ಹಕ್ಕು ನಿಮಗೆ ಪೂರ್ತಿ ಇದೆ. ಸಂವಿಧಾನದ 17ನೇ ವಿಧಿ ಸರ್ಕಾರಕ್ಕೆ ಮಾತ್ರ ಹೇಳಿದ್ದಲ್ಲ. ನಿಮಗೂ ನನಗೂ ಹೇಳಿದ್ದು.

ಕೃಷ್ಣಮೂರ್ತಿಪುರಂ:

ನಾನು ಬ್ರಾಹ್ಮಣರ ಮನೆ ಹೆಂಗಸು. ನಮ್ಮದೂ ಮಹಡಿ ಮನೆ ಇದೆ, ಬಾಡಿಗೆಗೆ ಕೊಡುತ್ತೇನೆ. ಮಡಿ ಬಿಡದ ಅತ್ತೆಯವರ ಜೊತೆ ಸಂಸಾರ ಮಾಡಿದವಳು ನಾನು, ಆದ್ದರಿಂದ ಮಾಲೀಕರ ಮಾತು ನನಗೆ ಹೊಸದಲ್ಲ.

ಜಾತಿ ಕೇಳುವುದನ್ನು ನಾನು ಮೊದಲಿನಿಂದಲೂ ಮಾಡಲಿಲ್ಲ. ಆದರೆ ನಾವು ಕೇಳದಿದ್ದರೂ ಬ್ರೋಕರ್ ಕೇಳಿಯೇ ಕಳಿಸುತ್ತಾನೆ. ನಾವು ಮೇಲ್ಜಾತಿಯವರು ಅಂದುಕೊಂಡು ನಮ್ಮ ಪರವಾಗಿ ಮುಂಚೆಯೇ ಜನರನ್ನು ಸೋಸಿಬಿಡುತ್ತಾನೆ. ಆದ್ದರಿಂದ ‘ನಾನು ಭೇದ ಮಾಡಲ್ಲ’ ಅಂತ ಸುಮ್ಮನೆ ಕೂತರೆ ಏನೂ ಬದಲಾಗುವುದಿಲ್ಲ. ‘ಜಾತಿ ಕೇಳಿ ಕಳಿಸಿದರೆ ನಿನಗೆ ಕಮಿಷನ್ ಇಲ್ಲ’ ಅಂತ ನಾನು ಬಾಯಿಬಿಟ್ಟು ಹೇಳಬೇಕಾಯಿತು. ಪಕ್ಕದ ಮನೆಯವರು ಬಂದು ‘ಬೀದಿಯ ವಾತಾವರಣ’ ಅಂದರು. ‘ನಿಮಗೆ ತೊಂದರೆ ಆದಾಗ ಬನ್ನಿ, ಮಾತಾಡೋಣ’ ಅಂದೆ. ಮಾತು ಬಿಟ್ಟ ನೆಂಟರೂ ಇದ್ದಾರೆ. ಇರಲಿ.

ಓನರ್‌ಗಳಿಗೆ ನನ್ನ ಮಾತು ಇಷ್ಟೇ. ವಯಸ್ಸಾದ ತಾಯಿಯ ಹೆಸರು ಹೇಳಿ ತಪ್ಪಿಸಿಕೊಳ್ಳಬೇಡಿ. ಅವರಿಗೆ ಹೇಳಿದರೆ ಅರ್ಥವಾಗುತ್ತದೆ. ಹೇಳಲು ನಮಗೇ ಮನಸ್ಸಿರುವುದಿಲ್ಲ.

ನಂಜನಗೂಡು ಕಡೆಯವಳೇ, ನಮ್ಮ ಮಹಡಿ ಈಗ ಖಾಲಿ ಇಲ್ಲ. ಆದಾಗ ಹೇಳುತ್ತೇನೆ. ನಿಮ್ಮಂಥ ಒಳ್ಳೆಯ ಜನ ಸಿಕ್ಕರೆ ನಮಗೇ ಸಂತೋಷ.

ನಂಜನಗೂಡು ಕಡೆಯವಳು:

ಕೃಷ್ಣಮೂರ್ತಿಪುರಂ ಅಮ್ಮ, ನೀವು ಬ್ರೋಕರ್ ಬಗ್ಗೆ ಹೇಳಿದ್ದು ನನಗೆ ಇಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ತುಂಬ ಥ್ಯಾಂಕ್ಸ್. ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಾನು ಒಳ್ಳೆಯವಳೋ ಅಲ್ಲವೋ ಇನ್ನೂ ನಿಮಗೆ ಗೊತ್ತಿಲ್ಲ. ಬೇರೆ ಬಾಡಿಗೆದಾರರು ಸಾಧಾರಣ ಜನ ಆಗಿದ್ದರೆ ಸಾಕು. ನಾವು ಮಾತ್ರ ತುಂಬ ಒಳ್ಳೆಯವರು, ತುಂಬ ಶುಚಿ, ತುಂಬ ಮೆತ್ತಗಿನವರು ಆಗಿರಬೇಕು. ಮನೆ ನೋಡಲು ಹೋಗುವ ದಿನ ಅಮ್ಮ ಮದುವೆಗೆ ಹೊರಟ ಹಾಗೆ ಸೀರೆ ಉಡುತ್ತಾರೆ. ಅದು ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುತ್ತದೆ. ನನಗೆ ದೊಡ್ಡ ಮನಸ್ಸಿನವರ ಮನೆ ಬೇಡ ಅಮ್ಮ. ಜಾತಿ ಕೇಳದ ಮನೆ ಸಾಕು.

ಮೇಷ್ಟ್ರಿಗೆ ನಮಸ್ಕಾರ. ನಮ್ಮ ಕಡೆ ಚಿಕ್ಕಲ್ಲೂರು ಜಾತ್ರೆ ನಿಮಗೆ ಗೊತ್ತಿರುತ್ತದೆ. ಸಿದ್ದಪ್ಪಾಜಿಯ ಪಂಕ್ತಿಸೇವೆಯ ದಿನ ಬಯಲಿನಲ್ಲಿ ಎಲ್ಲ ಜಾತಿಯವರೂ ಅಡುಗೆ ಮಾಡಿ, ಒಟ್ಟಿಗೆ ಕೂತು ಮಾಂಸದ ಊಟ ಮಾಡುತ್ತಾರೆ. ನೀಲಗಾರರು ನೂರಾರು ವರ್ಷದಿಂದ ಹಾಡಿಕೊಂಡು ಬಂದದ್ದು ಇದನ್ನೇ. ಒಟ್ಟಿಗೆ ಇರುವುದು ಈ ಸೀಮೆಗೆ ಹೊಸದಾಗಿ ಕಲಿಸಬೇಕಾದ ವಿದ್ಯೆ ಅಲ್ಲ.

ವಕೀಲರೇ, ಇನ್ನು ಮೇಲೆ ಎಲ್ಲ ಮೆಸೇಜಿನಲ್ಲೇ ಕೇಳುತ್ತೇನೆ. ಹಳೆಯದರಲ್ಲಿ ಒಬ್ಬ ಬ್ರೋಕರ್ ಬರೆದದ್ದು ಫೋನಿನಲ್ಲಿ ಹಾಗೇ ಇದೆ. ‘ಎಸ್‌ಸಿ ಆದರೆ ಓನರ್ ಬೇಡ ಅಂತಾರೆ ಮೇಡಂ, ಬೇಜಾರು ಮಾಡ್ಕೋಬೇಡಿ’ ಅಂತ. ಅದು ಸಾಕಾಗುತ್ತದಾ?

ವಕೀಲೆ, ಮೈಸೂರು:

ಶುರು ಮಾಡಲು ಸಾಕು. ಅಳಿಸಬೇಡಿ. ಫೋನ್ ಬದಲಾಯಿಸುವುದಿದ್ದರೆ ಹಳೆಯದನ್ನು ಮಾರಬೇಡಿ, ಎಕ್ಸ್‌ಚೇಂಜಿಗೂ ಹಾಕಬೇಡಿ. ನನಗೆ ಖಾಸಗಿಯಾಗಿ ಮೆಸೇಜ್ ಮಾಡಿ. ದೂರು ಕೊಡುವುದು ಬಿಡುವುದು ನಿಮ್ಮ ತೀರ್ಮಾನ. ಕೊಡದಿದ್ದರೂ ಆ ಬ್ರೋಕರಿಗೆ ಒಂದು ನೋಟಿಸ್ ಕಳಿಸಬಹುದು.

ವಿವೇಕಾನಂದನಗರ ಮನೆ ಮಾಲೀಕ:

ಸರಿ. ವಾದಕ್ಕೆ ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ. ಜಾತಿ ಕೇಳಬಾರದು, ಊರು ಕೇರಿ ಕೇಳಬಾರದು. ಹಾಗಾದರೆ ಗೊತ್ತಿಲ್ಲದವರನ್ನು ಮನೆಗೆ ಸೇರಿಸುವಾಗ ನಾವು ಏನು ಕೇಳಬೇಕು?

ನಂಜನಗೂಡು ಕಡೆಯವಳು:

ಊರು ಕೇಳಿ ಸಾರ್, ಪರವಾಗಿಲ್ಲ. ಯಾವ ಬೀದಿ ಅಂತ ಬೇಡ. ಕೆಲಸ ಎಲ್ಲಿ ಅಂತ ಕೇಳಿ, ಬೇಕಾದರೆ ಐಡಿ ಕಾರ್ಡ್ ನೋಡಿ. ಹಿಂದಿನ ಓನರ್ ಫೋನ್ ನಂಬರ್ ತಗೊಂಡು, ಬಾಡಿಗೆ ಸರಿಯಾಗಿ ಕಟ್ಟುತ್ತಿದ್ದರಾ ಅಂತ ವಿಚಾರಿಸಿ. ಎಷ್ಟು ಜನ ಇರುತ್ತೀರಿ, ಗಾಡಿ ಎಷ್ಟು, ನೀರಿನ ಮೋಟರ್ ಯಾವಾಗ ಹಾಕಬೇಕು, ರಾತ್ರಿ ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತೀರಿ, ಎಲ್ಲ ಮೊದಲೇ ಮಾತಾಡಿ. ಮಾಂಸ ಬೇಯಿಸುವುದು ಬೇಡ ಅನ್ನುವುದಾದರೆ ಅದನ್ನೂ ಹೇಳಿ, ನಾವು ಹೂಂ ಅಥವಾ ಉಹೂಂ ಅನ್ನುತ್ತೇವೆ. 11 ತಿಂಗಳ ಕರಾರು ಬರೆಸಿ, ಆಧಾರ್ ಪ್ರತಿ ಇಟ್ಟುಕೊಳ್ಳಿ. ನಮ್ಮ ಬ್ಯಾಂಕಿನಲ್ಲಿ ಲಕ್ಷಗಟ್ಟಲೆ ಸಾಲ ಕೊಡುವಾಗಲೂ ನಾವು ಹೆಚ್ಚುಕಡಿಮೆ ಇಷ್ಟೇ ಕೇಳುವುದು.